ಮೇಲೇಳದ ಕೈಗಳು

ನಿಶ್ಚಿತಾರ್ಥದ ಹಾರ ಹಿಡಿದು ರಕ್ಷಾ ಅವನೆದುರು ನಿಂತಿದ್ದಳು. ಜಗಳೂರಿನಲ್ಲಿ ಮೇಷ್ಟ್ರಾಗಿದ್ದ ಗುರುಬಸವರಾಜ್... ಹೆಣ್ಣು ನೋಡಲು ಬಂದ ದಿನವೇ ಅವಳ ಮನಸ್ಸನ್ನು ಕದ್ದೊಯ್ದವನು. ಈಗ ಆ ಕಣ್ಣುಗಳು ಇಷ್ಟು ಹತ್ತಿರ!

ಅಷ್ಟರಲ್ಲಿ ಗೆಳೆಯರು ರೂಢಿಯಂತೆ ಅವನನ್ನು ಮೇಲಕ್ಕೆ ಎತ್ತಿ ಹಿಡಿದರು.

"ಈಗ ಹಾಕ್ರಿ ಅತ್ತಿಗೆ, ನೋಡಾಣ," ಎಂದೊಬ್ಬ ಕೆಣಕಿದ.

ನ್ಯಾಮತಿಯ ಛತ್ರವೆಲ್ಲ ನಕ್ಕಿತು. ರಕ್ಷಾಳ ಕೈಗಳು ಎದೆಮಟ್ಟ ದಾಟಲಿಲ್ಲ. ಕಂಕುಳಲ್ಲಿ ಬೆಂಕಿಯಿಟ್ಟಂತಾಯಿತು. ಹಾರ ಜಾರಿ ಬಿತ್ತು. ಅವಳು ಅಳುತ್ತಾ ಒಳಗೋಡಿದಳು.

"ಮನಸ್ಸಿಲ್ಲದ ಹುಡ್ಗೀನ ಯಾಕ್ರೀ ತಂದು ನಿಲ್ಲಿಸ್ತೀರಿ?" ಎಂದಳು ಗುರುವಿನ ಸೋದರತ್ತೆ. ಅವನ ಊರು ಬಿಳಿಚೋಡಿನಿಂದ ಬಂದ ಗಂಡಿನ ಕಡೆಯವರು ಊಟ ಮುಟ್ಟದೆ ಎದ್ದರು.

ನಿಜವನ್ನು ಯಾರಿಗೆ ಹೇಳುವುದು?

ದಪ್ಪಗಿದ್ದ ರಕ್ಷಾ ಬಾಯಿ ಕಟ್ಟಿ, ನಡೆದು ನಡೆದು ಸಣ್ಣಗಾಗಿದ್ದಳು. ತೋಳಿನ ಚರ್ಮ ಮಾತ್ರ ಖಾಲಿ ಚೀಲದಂತೆ ಜೋತುಬಿದ್ದಿತ್ತು. ಮದುವೆಯಲ್ಲಾದರೂ ಗಿಡ್ಡ ತೋಳಿನ ರವಿಕೆ ತೊಡುವ ಆಸೆಗೆ ದಾವಣಗೆರೆಯಲ್ಲಿ ಆಪರೇಷನ್ ಮಾಡಿಸಿ ಆ ಚರ್ಮ ತೆಗೆಸಿಕೊಂಡಿದ್ದಳು. ವೈದ್ಯರು ಮೊದಲೇ ಬಿಡಿಸಿ ಹೇಳಿದ್ದರು: ಕಂಕುಳಿಂದ ಮೊಣಕೈವರೆಗೆ ಗೆರೆ ಉಳಿಯುತ್ತದೆ, ಮಾಸಲು ವರ್ಷವಾದರೂ ಬೇಕು. ಊತ ಇಳಿಯುವವರೆಗೆ ಬಿಗಿಪಟ್ಟಿ ತೊಡಬೇಕು. ಗಾಯ ಮಾಗುವ ತನಕ ಕೈಯನ್ನು ಭುಜಕ್ಕಿಂತ ಮೇಲೆ ಎತ್ತಬಾರದು.

ನಿಶ್ಚಿತಾರ್ಥದೊಳಗೆ ಮಾಗಲು ಸಮಯವೂ ಇತ್ತು. ಆದರೆ ಗುರುವಿನ ಅಜ್ಜಿಗೆ ಕಾಯಿಲೆ ಜೋರಾಯಿತು. ಅವರು ಕಣ್ತುಂಬ ನೋಡಲೆಂದು ನಿಶ್ಚಿತಾರ್ಥವನ್ನು ಬೇಗ ಇಟ್ಟರು. ಹುಡುಗ ತಲೆ ಬಗ್ಗಿಸುತ್ತಾನೆ, ಹಾರ ಹಾಕಿದರಾಯಿತು ಎಂದು ರಕ್ಷಾಳ ಅವ್ವ ಲೆಕ್ಕ ಹಾಕಿದ್ದಳು. ಜನ ಆಡಿಕೊಂಡಾರೆಂದು, ಆಪರೇಷನ್ ವಿಷಯ ಯಾರಿಗೂ ಹೇಳುವುದಿಲ್ಲವೆಂದು ಮಗಳಿಂದ ಆಣೆಯನ್ನೂ ಹಾಕಿಸಿಕೊಂಡಿದ್ದಳು. ಗೆಳೆಯರ ತಮಾಷೆ ಯಾರ ತಲೆಗೂ ಹೊಳೆದಿರಲಿಲ್ಲ.

ಅಂದು ರಾತ್ರಿ ರಕ್ಷಾ ಫೋನ್ ಮಾಡಿದಳು. ಗುರು ಎತ್ತಲಿಲ್ಲ. ಆಮೇಲೆ ಬಂದದ್ದು ಅಜ್ಜಿ ತೀರಿಕೊಂಡ ಸುದ್ದಿ.

'ನನ್ನ ತೋಳಿನ ಚೆಂದಕ್ಕೆ ಆ ಜೀವದ ಕೊನೆಯ ಆಸೆಯನ್ನೇ ಕಿತ್ತುಕೊಂಡೆನಲ್ಲ...'

ಆಣೆ ಮುರಿದು ಅವಳು ಬಿಳಿಚೋಡಿಗೆ ಹೋದಳು. ಅಜ್ಜಿಯ ಖಾಲಿ ಮಂಚದ ಅಂಚಿನಲ್ಲಿ ಕುಳಿತಿದ್ದ ಗುರು ಕೂತ್ಕೋ ಎನ್ನಲಿಲ್ಲ.

"ಬೇರೆ ಯಾರಾದ್ರೂ ಇದ್ರೆ ಮೊದ್ಲೇ ಹೇಳ್ಬೋದಿತ್ತು," ಎಂದ. "ಅಜ್ಜಿ ಕೊನೇತನಕ ನಿನ್ನೇ ಕೇಳ್ತಿದ್ಲು. ಏನಂತ ಹೇಳ್ಲಿ ನಾನು?"

ರಕ್ಷಾ ಉದ್ದನೆಯ ತೋಳನ್ನು ಸರಿಸಿ ಬಿಗಿಪಟ್ಟಿ ಬಿಚ್ಚಿದಳು. ಕೆಂಪಗೆ ಉಬ್ಬಿದ ಗೆರೆ ಕಂಡಿತು. ಬಿಕ್ಕುತ್ತಲೇ ಎಲ್ಲವನ್ನೂ ಹೇಳಿಬಿಟ್ಟಳು.

ಅವನು ಮಂಚದಿಂದೆದ್ದು ಅವಳ ಹತ್ತಿರ ಬಂದ.

"ಒಂದು ಮಾತು ಕಿವ್ಯಾಗೆ ಹೇಳಿದ್ರೆ ನಾನೇ ಕೆಳಗೆ ಇಳೀತಿದ್ನಲ್ಲೇ..."

"ಬೇಡ ಅಂತೀರೇನೋ ಅಂತ ಭಯ ಆತು."

"ಹೆಣ್ಣು ನೋಡಾಕೆ ಬಂದಾಗ ನೀನು ಸೆರಗು ಎಳ್ಕೊಂಡು ತೋಳು ಮುಚ್ಕೊಂತಿದ್ದೆ. ಮುಚ್ಚಬೇಡ, ನೀ ಹಿಂಗೇ ಇಷ್ಟ ಅನ್ನಬೇಕು ಅನ್ನಿಸ್ತು. ನಾನೂ ಬಾಯಿ ಬಿಡ್ಲಿಲ್ಲ."

ಇಬ್ಬರೂ ಅತ್ತರು. ಅಜ್ಜಿಯನ್ನು ಮರಳಿ ತರುವ ಮಾತು ಇಬ್ಬರಲ್ಲೂ ಇರಲಿಲ್ಲ.

ಅವನ ಬೆರಳು ಅಳುಕುತ್ತಾ ಗೆರೆಯ ಪಕ್ಕ ಕೂತಿತು.

"ನೋಯ್ತೈತಾ?"

"ಇಲ್ಲ... ಮುಟ್ಟಿದ್ದೂ ಗೊತ್ತಾಗ್ತಿಲ್ಲ. ಸ್ಪರ್ಶ ತಿರುಗಿ ಬರಾಕೆ ತಿಂಗಳುಗಟ್ಲೆ ಬೇಕಂತೆ."

"ಬರ್ಲಿ," ಎಂದ ಅವನು, ಬೆರಳು ತೆಗೆಯದೆ. "ಬಂದಾಗ ಹೇಳು. ಅಲ್ಲೀತನಕ ಇಲ್ಲೇ ಇರ್ತೀನಿ."