ಒಂದೇ ನಮೂನೆಯ ಬೈಂಡಿಂಗ್

ಇದು ನಿಜವಾಗಿ ನಡೆದದ್ದು. ಸುಳ್ಳು ಹೇಳಬೇಕಾದಾಗ ನಾನು ಊರವರ ದನಿಗಳನ್ನು ಎರವಲು ತರುತ್ತೇನೆ: ಪಾದ್ರಿಯದು, ರೈಲಿನ ಟಿಕೆಟ್ ತಪಾಸಕನದು, ನೆಗಡಿ ಹಿಡಿದ ಮೇಯರಮ್ಮನದು. ಈ ಕತೆಗೆ ನನ್ನದೇ ಗಂಟಲು ಸಾಕು.

ಫೆಬ್ರವರಿಯ ಒಂದು ಬೆಳಿಗ್ಗೆ. ನಮ್ಮ ಬೆಟ್ಟದೂರು ಯೈಲೂವಿನ ಸ್ಟೇಷನ್ನಿನ ಎದುರು, ಬೋರ್ಗಿಲ್ ಅಜ್ಜಿಯ ಸ್ಕೀ ಅಂಗಡಿಯಲ್ಲಿ ಸ್ಕೀಯ ತಳದ ಹಳೆಯ ಮೇಣ ಕೆರೆಯುತ್ತ ಕೂತಿದ್ದೆ. ಸುನ್ನಿವಾ ಬಂದಳು. ರೆಪ್ಪೆಯ ಮೇಲೆ ಹಿಮದ ಪುಡಿ. ಒಳಗಿನ ಬಿಸಿಗೆ ಅದು ಕರಗುವವರೆಗೂ ಕಣ್ಣು ಮಿಟುಕಿಸದೆ ನಿಲ್ಲುವುದು ಅವಳ ಅಭ್ಯಾಸ, ನಾನು ನೋಡಲಿ ಅಂತ. ಅವತ್ತು ಕೈಗವಸಿನಿಂದ ಒರೆಸಿಕೊಂಡುಬಿಟ್ಟಳು.

ಬೈಂಡಿಂಗ್ ಬೇಕಿತ್ತು ಅಂದಳು. ಯಾವ ಪುಸ್ತಕಕ್ಕೆ ಮೇಡಂ, ಅಂದೆ. ಹಳೆಯ ಜೋಕು, ಹಳೆಯದೆಂದೇ ಅವಳು ನಗುತ್ತಿದ್ದ ಜೋಕು. ನಗಲಿಲ್ಲ.

"ಆಸ್‌ಗೈರ್ ಹತ್ರ ಯಾವ ನಮೂನೆ ಇದೆಯೋ ಅದೇ ಕೊಡು."

ಕೆರೆಯುವುದನ್ನು ನಿಲ್ಲಿಸಿದೆ. ನಮ್ಮ ಕಡೆ ಇಬ್ಬರು ಸೇರಿ ಬೆಟ್ಟದ ಬಯಲಿಗೆ ದೂರ ಹೊರಟರೆ ಇಬ್ಬರ ಸ್ಕೀಗೂ ಒಂದೇ ನಮೂನೆಯ ಬೈಂಡಿಂಗ್ ಹಾಕಿಸುತ್ತಾರೆ. ಮನೆಯಿಲ್ಲದ, ಮರವಿಲ್ಲದ ಜಾಗದಲ್ಲಿ ಬೂಟನ್ನು ಸ್ಕೀಗೆ ಹಿಡಿದಿಡುವ ಆ ಚೂರು ಲೋಹ ಮುರಿದರೆ ಸೊಂಟದವರೆಗೆ ಹಿಮದಲ್ಲಿ ಹೂತು ನಡೆಯಬೇಕು. ಆದ್ದರಿಂದ ಒಬ್ಬರ ಚೀಲದಲ್ಲಿ ಒಂದು ಹೆಚ್ಚಿನದು ಇರುತ್ತದೆ, ಇಬ್ಬರಿಗೂ ಆಗುವಂಥದು. ಯಾರು ಯಾರ ಜೊತೆ ಅಂತ ತಿಳಿಯಲು ಊರವರು ಬೆರಳಿನ ಉಂಗುರ ನೋಡುವುದಿಲ್ಲ, ಕಾಲು ನೋಡುತ್ತಾರೆ.

ಅವಳದೂ ನನ್ನದೂ ಒಂದೇ, ಹಳೇ ಕಾಲದ್ದು. ಬೂಟಿನ ಅಗಲ ಮೂತಿಗೆ ಮೂರು ತೂತು, ಬೈಂಡಿಂಗಿಗೆ ಮೂರು ಮೊಳೆ, ಹಿಮ್ಮಡಿ ಸುತ್ತ ಒಂದು ತಂತಿ. ಹೆಚ್ಚಿನದು ನನ್ನ ಚೀಲದಲ್ಲಿ. ಈಸ್ಟರ್ ಬಂತೆಂದರೆ ಊರ ರೂಢಿಯಂತೆ ಕಿತ್ತಳೆ ಹಣ್ಣು ಹೊತ್ತುಕೊಂಡು ಬಯಲು ದಾಟುತ್ತಿದ್ದೆವು. ಆಮೇಲೆ ಒಂದು ಇಳಿಜಾರಿನಲ್ಲಿ ನನ್ನ ಮಂಡಿ ನನ್ನನ್ನು ಬಿಟ್ಟು ಬೇರೆ ದಿಕ್ಕಿಗೆ ಹೋಯಿತು. ಇನ್ನು ಬಯಲು ಮರೆತುಬಿಡು ಅಂದರು ಡಾಕ್ಟರು. ಬಯಲು ಮರೆತದ್ದು ನಾನಲ್ಲ, ನನಗಾಗಿ ಅವಳು. ಎರಡು ಚಳಿಗಾಲ ಊರ ಹಿಂದಿನ, ದೀಪ ಹಾಕಿದ ಸ್ಕೀ ಹಾದಿಯಲ್ಲಿ, ಶಿಶುವಿಹಾರದ ಮಕ್ಕಳ ಸಾಲಿನ ಹಿಂದೆ, ನನ್ನ ಕುಂಟು ವೇಗಕ್ಕೆ ಸರಿಯಾಗಿ ಸ್ಕೀ ಎಳೆದಳು. ಒಮ್ಮೆಯೂ ಗೊಣಗಲಿಲ್ಲ. ತಿರುವಿನಲ್ಲಿ ಮಾತ್ರ ಮರಗಳ ಮೇಲೆ ಕಾಣುವ ಬಯಲಿನ ಬಿಳಿ ಅಂಚಿನ ಕಡೆ ಕಣ್ಣು ಹೋಗುತ್ತಿತ್ತು. ನಾನು ನೋಡಿದೆನೆಂದು ಗೊತ್ತಾದರೆ ಬೂಟಿನ ಲೇಸು ಸರಿಮಾಡಿಕೊಳ್ಳುತ್ತಿದ್ದಳು.

ಆಸ್‌ಗೈರ್ ಉತ್ತರದವನು, ಒಳ್ಳೆಯವನು, ಅದೇ ತೊಂದರೆ. ರೈಲಿನಲ್ಲಿ ದಕ್ಷಿಣದ ತುದಿಗಿಳಿದು, ಅಲ್ಲಿಂದ ದೇಶದ ಉದ್ದಕ್ಕೂ ಸ್ಕೀಯಲ್ಲಿ ಹೋಗೋಣ ಅಂತ ಅವಳನ್ನು ಕರೆದಿದ್ದ. ಬೇಸಿಗೆಯವರೆಗೂ ಇಬ್ಬರಿಗೂ ಒಂದೇ ಗುಡಾರ. ದಾರಿ ಮುಗಿಯುವ ಊರಿನ ಶಾಲೆಯಲ್ಲಿ ಅವಳಿಗೊಂದು ಕೆಲಸವೂ ಕಾದಿತ್ತು. ಅದನ್ನೆಲ್ಲ ಅವಳು ಬೈಂಡಿಂಗಿನ ಪೆಟ್ಟಿಗೆ ನೋಡುತ್ತಲೇ ಹೇಳಿದಳು. ನಾನು ಬೇಡ ಅಂದರೆ ನಿಲ್ಲುತ್ತಾಳೆಂದು ನನಗೆ ಗೊತ್ತಿತ್ತು. ನನಗೆ ಗೊತ್ತೆಂದು ಅವಳಿಗೂ ಗೊತ್ತಿತ್ತು.

ಅವನದು ಹೊಸ ನಮೂನೆ. ಬೂಟಿನ ತುದಿಯ ಉಕ್ಕಿನ ಕಡ್ಡಿ ಒಂದು ದವಡೆಯೊಳಗೆ ಕ್ಲಿಕ್ ಅಂತ ಕೂರುತ್ತದೆ. ದವಡೆಗೆ ಮಂಜುಗಡ್ಡೆ ಕಟ್ಟಿಕೊಂಡರೆ ಬಾಯಿ ಬಿಡುವುದಿಲ್ಲ ಎಂದು ಅದರ ಮೇಲೊಂದು ಆರೋಪ. ಪರೀಕ್ಷೆ ಮಾಡದೆ ಕೊಡಲ್ಲ ಅಂದೆ. ನೀರು ಸುರಿದು ಹಿಂಬಾಗಿಲ ಮೆಟ್ಟಿಲ ಮೇಲಿಟ್ಟೆ. ಮಾರನೆ ಬೆಳಿಗ್ಗೆ ಅದು ಗಾಜಿನ ಗಡ್ಡೆಯಾಗಿತ್ತು. ಕೆಟ್ಟಿರಲಪ್ಪಾ ದೇವರೇ ಅಂತ ಬೇಡಿಕೊಂಡು ದಪ್ಪ ಕೈಗವಸಿನಲ್ಲೇ ಒಂದು ಗುದ್ದು ಕೊಟ್ಟೆ. ಗಡ್ಡೆ ಉದುರಿತು. ದವಡೆ ಬೆಣ್ಣೆ ಸವರಿದ ಹಾಗೆ ತೆರೆದುಕೊಂಡಿತು. ಅಷ್ಟು ನಂಬಿಗಸ್ತ ವಸ್ತುವನ್ನು ನಾನು ಯಾವತ್ತೂ ಅಷ್ಟು ದ್ವೇಷಿಸಿರಲಿಲ್ಲ.

ಅವಳು ಮತ್ತೆ ಬಂದಾಗ ಪರೀಕ್ಷೆಯ ಫಲ ಹೇಳಿದೆ, ಮುಚ್ಚಿಡದೆ. ಅವಳು ಕೌಂಟರಿಗೆ ಮೊಣಕೈ ಊರಿದಳು.

"ಹಾಗಾದ್ರೆ ಹಾಕಿಸ್ಕೊಳ್ಳಲಾ?"

ನನ್ನ ದನಿ ಬರಲೇ ಇಲ್ಲ. ಪಶ್ಚಿಮ ಕರಾವಳಿಯಿಂದ ಬಂದ ಬೋರ್ಗಿಲ್ ಅಜ್ಜಿಯ ದನಿ ನನ್ನ ಬಾಯಲ್ಲಿ ಬಂತು, ಸೊಂಟಕ್ಕೆ ಕೈ ಸಮೇತ.

"ಏನವ್ವಾ, ಎರಡು ನಮೂನಿ ಹಾಕ್ಕೊಂಡು ಗುಡ್ಡಕ್ಕ ಹೋಗೋರು ಜೋಡಿ ಅಲ್ಲ, ಒಬ್ಬೊಬ್ಬರು. ಅವಂದಽ ಹಾಕಿಸ್ಕೋ. ಹೋಗವ್ವಾ."

ಅವಳು ನಕ್ಕಳು. ನಗು ತುಟಿಯಿಂದ ಕಣ್ಣಿನವರೆಗೆ ಹೋಗಿ ಅಲ್ಲಿ ಒದ್ದೆಯಾಯಿತು.

"ಈಗ ನಿನ್ನ ದನೀಲಿ ಹೇಳು, ಐಲಿಫ್."

ಗೋಡೆಯ ಮೇಲಿನ ಸ್ಕೀಗಳು, ಕಿಟಕಿಯಾಚೆಯ ಸ್ಟೇಷನ್ನು, ಅವಳ ಕೊರಳಿನ ಉಣ್ಣೆಯ ಪಟ್ಟಿ, ಎಲ್ಲವನ್ನೂ ನೋಡಿದೆ. ಅವಳನ್ನು ಬಿಟ್ಟು.

"ಹೋಗು," ಅಂದೆ. "ನೀನಿಲ್ಲಿ ನನ್ನ ಮಂಡಿ ನೋಡ್ಕೊಂಡು ಮುದುಕಿಯಾಗೋದು ನಂಗೆ ಬೇಡ. ನಾನು ಪ್ರೀತಿಸಿದ್ದು ಬಯಲಲ್ಲಿ ನನ್ನನ್ನ ಹಿಂದೆ ಹಾಕ್ತಿದ್ದೋಳನ್ನ."

ಅವಳು ಕೌಂಟರಿನ ಮೇಲಿದ್ದ ನನ್ನ ಕೈ ಎತ್ತಿ, ತನ್ನ ಕೆನ್ನೆಗೆ ಒತ್ತಿ, ಮತ್ತೆ ಅಲ್ಲಿಯೇ ಇಟ್ಟಳು, ಅಂಗಡಿಯ ಸಾಮಾನು ನೋಡಿ ವಾಪಸ್ ಇಡುವ ಹಾಗೆ.

ಬೈಂಡಿಂಗ್ ನಾನೇ ಕೂರಿಸಿದೆ. ಒಂದೊಂದು ಸ್ಕ್ರೂಗೂ ಅಂಟು ಹಾಕಿದೆ. ಹೆಚ್ಚಿನದೊಂದನ್ನು ಬಟ್ಟೆಯಲ್ಲಿ ಸುತ್ತಿ ಆಸ್‌ಗೈರ್‌ನ ಚೀಲಕ್ಕೆ ಅಂತ ಕೊಟ್ಟೆ.

ಹೊರಡುವ ದಿನ ರೈಲಿಗೆ ಮುಂಚೆ ಸ್ಕೀ ಒಯ್ಯಲು ಬಂದಳು. ಆಸ್‌ಗೈರ್ ಪ್ಲಾಟ್‌ಫಾರ್ಮಿನಲ್ಲಿದ್ದ. ಕೊನೆಯ ಪರೀಕ್ಷೆ ಬಾಕಿಯಿತ್ತು: ಬೆರಳು ಮರಗಟ್ಟಿ ಹಿಮಗಾಳಿಯಲ್ಲಿ ಕಣ್ಣು ಕಾಣದಾಗಲೂ ಬೈಂಡಿಂಗ್ ಹಾಕಿ ಬಿಚ್ಚಲು ಬರಬೇಕು, ಅದಕ್ಕೆ ಕೈಗವಸು ತೊಟ್ಟು ಕಣ್ಣು ಮುಚ್ಚಿ ಮಾಡಿ ತೋರಿಸಬೇಕು. ಸಲೀಸಾಗಿ ಮಾಡಿದಳು. ಆಮೇಲೆ, ಇಷ್ಟು ಜನರಿಗೆ ಮಾರಿದ್ದೀಯ, ನೀನೇ ಕಾಲಿಟ್ಟು ನೋಡಿಲ್ಲ, ಬೆಂಚಲ್ಲಿ ಕೂತ್ಕೋ ಅಂದಳು. ಅದೇ ನಮೂನೆಯ ಬೈಂಡಿಂಗ್ ಇದ್ದ ಅಂಗಡಿಯ ಸ್ಕೀಜೋಡಿಯೊಂದನ್ನು ನನ್ನ ಕಾಲ ಬಳಿ ಇಟ್ಟು, ಕಪಾಟಿನಿಂದ ನನ್ನ ಅಳತೆಯ ಬೂಟು ತೆಗೆದು ತಾನೇ ತೊಡಿಸಿದಳು, ಕೆಟ್ಟ ಮಂಡಿಯನ್ನು ಅಂಗೈಯಲ್ಲಿ ಹಿಡಿದು, ನಿಧಾನ. ನಾನು ಕೈಗವಸು ತೊಟ್ಟು ಕಣ್ಣು ಮುಚ್ಚಿದೆ. ಕ್ಲಿಕ್. ಕ್ಲಿಕ್. ಕಾಲ ಬಳಿ ಏನೋ ಪಟ್ಟಿ ಎಳೆದ ಸದ್ದು. ಅವಳ ಉಸಿರು ಹಣೆಗೆ ತಾಗಿತು, ತುಟಿಯೂ.

"ಸ್ಟೇಷನ್‌ವರೆಗೂ ನೀನು ಬಂದ್ರೆ ನಾನು ರೈಲು ಹತ್ತಲ್ಲ ಕಣೋ. ಅದಕ್ಕೇ."

ಬಾಗಿಲ ಗಂಟೆ ಕೇಳಿ ಕಣ್ಣು ಬಿಟ್ಟೆ. ಎರಡೂ ಸ್ಕೀಗಳನ್ನು ಸೇರಿಸಿ ಪಟ್ಟಿಯಿಂದ ಬೆಂಚಿನ ಕಾಲಿಗೆ ಬಿಗಿದಿದ್ದಳು. ಕೈಗವಸಿನ ಕೈ ಆ ಗಂಟಿಗೆ ಎಟುಕದು, ಬಗ್ಗಿ ದವಡೆ ಬಿಡಿಸಲು ಮಂಡಿ ಬಿಡದು. ಎದ್ದು ಓಡಲು ಹೋಗಿ ಬೆಂಚಿನ ಸಮೇತ ಪಕ್ಕಕ್ಕೆ ಉರುಳಿದೆ. ಕಿಟಕಿಯಾಚೆ ಅವಳು ಹೆಗಲ ಮೇಲೆ ಸ್ಕೀ ಹೊತ್ತು ರಸ್ತೆ ದಾಟುತ್ತಿದ್ದಳು, ತಿರುಗಿ ನೋಡದೆ.

ಬೋರ್ಗಿಲ್ ಅಜ್ಜಿ ಕಾಫಿ ಹಿಡಿದು ಒಳಗಿನಿಂದ ಬಂದವಳು, ಬಲೆಗೆ ಬಿದ್ದ ಹಿಮಸಾರಂಗದಂಥ ನನ್ನನ್ನು ಕಂಡು ನಗತೊಡಗಿದಳು. ಮೇಣ ಕೊಳ್ಳಲು ಆಗಷ್ಟೇ ಒಳಬಂದ ಇಬ್ಬರು ಗಿರಾಕಿಗಳೂ ನಕ್ಕರು. ನಾನೂ ನಕ್ಕೆ, ನೆಲದ ಮೇಲೆ ಮಲಗಿ, ಕಣ್ಣಲ್ಲಿ ನೀರು ಸುರಿಯುವಷ್ಟು. ರೈಲು ಹೊರಟಿತು. ಮೊದಲು ಅಜ್ಜಿಯ ನಗು ನಿಂತಿತು, ಆಮೇಲೆ ಗಿರಾಕಿಗಳದು. ಅಜ್ಜಿ ಲೋಟ ಕೆಳಗಿಟ್ಟು ಪಟ್ಟಿ ಬಿಚ್ಚತೊಡಗಿದಳು. ಇಡೀ ಅಂಗಡಿಯಲ್ಲಿ ಇನ್ನೂ ನಗುತ್ತಿದ್ದವನು ನಾನೊಬ್ಬನೇ, ಗೋಡೆಯ ಸ್ಕೀಗಳು ಅದುರುವಷ್ಟು ಜೋರಾಗಿ.