ತಗ್ಲಾಂಗ್ ಲಾ ದಾಟುವ ಮುನ್ನ

ಅವನು ಮೂಗನಿರಬೇಕು ಎಂದುಕೊಂಡಳು ಕುನ್ಜೆಸ್.

ಗೇಟು ತೆಗೆದರೆ ಎದುರಿಗೆ ಎತ್ತರದ ಗಂಡಸು. ಗಾಳಿಗೆ ಸುಟ್ಟು ತಾಮ್ರದ ಬಣ್ಣಕ್ಕೆ ತಿರುಗಿದ ಮುಖ. ಬೆನ್ನ ಹಿಂದೆ ಧೂಳು ಮೆತ್ತಿದ ಪಿಕಪ್.

“ಯಾರು ಬೇಕಿತ್ತು?”

ಅವನು ಬಾಯಿ ತೆರೆದ, ಮುಚ್ಚಿದ. ಅವಳನ್ನೇ ನೋಡುತ್ತ ನಿಂತ.

“ಕಿವಿ ಕೇಳಿಸಲ್ವಾ? ಯಾರು ಬೇಕಿತ್ತು ಅಂದೆ.”

ಅವನ ಕಿವಿಗಳು ಕೆಂಪಾದವು. ಅಷ್ಟರಲ್ಲಿ ಒಳಗಿನಿಂದ ಅಜ್ಜಿಯ ಕೂಗು ಬಂತು. “ರುಪ್ಶುವಿಂದ ತುಂಡುಪ್ ಬಂದ್ನೇನೇ? ಬಾಗಿಲಲ್ಲೇ ನಿಲ್ಲಿಸ್ಕೊಂಡು ಏನು ವಿಚಾರಣೆ? ಒಳಗೆ ಕರಿ, ಚಹಾ ಆರ್ತಾ ಇದೆ.”

“ಜುಲೆ,” ಎಂದು ನಮಸ್ಕರಿಸಿದ ಅವನು ಕೊನೆಗೆ. ಅಷ್ಟೇ. ಅವಳನ್ನು ಬಳಸಿಕೊಂಡು, ಗೋಡೆಗೆ ಒರಗಿದಂತೆ ನಡೆದು ಒಳಗೆ ಹೋದ.

ಎಂಥ ಜಂಬ, ಎಂದುಕೊಂಡಳು ಕುನ್ಜೆಸ್. ಬೆಟ್ಟದ ಮೇಲಿನವರಿಗೆ ಪೇಟೆಯವರೆಂದರೆ ಇಷ್ಟು ತಾತ್ಸಾರವೇ?

ಅವಳೂ ಹುಟ್ಟಿದ್ದು ಆ ರುಪ್ಶುವಿನ ಬೆಟ್ಟದ ಮೇಲೆಯೇ. ಹೆರಿಗೆಯಲ್ಲಿ ತಾಯಿ ತೀರಿಕೊಂಡಳು. ತಂದೆ ಬೇರೆ ಸಂಸಾರ ಹೂಡಿದ. ಅಜ್ಜಿ, ಅವಳ ಅಬಿ ಯಾಂಗ್ಡೋಲ್, ತನ್ನ ಮೇಕೆಗಳನ್ನೆಲ್ಲ ಮಾರಿ, ಮೊಮ್ಮಗಳನ್ನು ಉಣ್ಣೆಯ ನಿಲುವಂಗಿ ಗೊಂಚಾದೊಳಗೆ ಎದೆಗೆ ಕಟ್ಟಿಕೊಂಡು ಲೇಹ್‌ಗೆ ಇಳಿದು ಬಂದಳು. ಪಕ್ಕದ ಚೋಗ್ಲಮ್ಸರ್‌ನಲ್ಲಿ ಎರಡು ಕೋಣೆ ಕಟ್ಟಿಕೊಂಡಳು. ಮತ್ತೆ ಹತ್ತಲಿಲ್ಲ. ಈಗ ಕುನ್ಜೆಸ್ ರೇಡಿಯೋದಲ್ಲಿ ಸಂಜೆಯ ಹೊತ್ತು ಹವಾಮಾನ, ರಸ್ತೆಯ ಸ್ಥಿತಿ ಹೇಳುತ್ತಾಳೆ, ಕೇಳುಗರು ಬಯಸಿದ ಹಾಡು ಹಾಕುತ್ತಾಳೆ. ಈ ಬೇಸಿಗೆ ಅಬಿ ಇದ್ದಕ್ಕಿದ್ದಂತೆ, “ನನ್ನ ಹುಲ್ಲುಗಾವಲು ಒಂದ್ಸಲ ನೋಡ್ಬೇಕು” ಎಂದು ಹಟ ಹಿಡಿದು ಕೂತಿದ್ದಳು. ಕರೆದೊಯ್ಯಲು ಬಂದವನು ಅಬಿಯ ಹಳೆಯ ಗೆಳತಿಯ ಮೊಮ್ಮಗ ತುಂಡುಪ್.

ಕುನ್ಜೆಸ್ ಹೋಗುವ ಮಾತೇ ಇರಲಿಲ್ಲ. ಕಾಲೇಜಿನ ದಿನಗಳಲ್ಲಿ ಗೆಳತಿಯರ ಜೊತೆ ಹೊರಟವಳು ರುಪ್ಶುವಿನ ದಾರಿಯ ತಗ್ಲಾಂಗ್ ಲಾ ಘಟ್ಟದ ನೆತ್ತಿಯಲ್ಲಿ ವಾಂತಿ ಮಾಡಿಕೊಂಡು, ತಲೆ ಹಿಡಿದುಕೊಂಡು ವಾಪಸು ಬಂದಿದ್ದಳು. ಬೆಟ್ಟದ ಮೇಲೆ ಮೇಕೆ ಮೇಯಿಸುವ ಚಾಂಗ್ಪಾಗಳ ಮಗಳಿಗೆ ಎತ್ತರ ಒಗ್ಗುವುದಿಲ್ಲವಂತೆ! ಆ ನಗೆಚಾಟಿಕೆ ಇನ್ನೂ ಕಿವಿಯಲ್ಲಿತ್ತು.

ತುಂಡುಪ್ ಕೊಟ್ಟಿಗೆಯಲ್ಲಿ ಬೀಡುಬಿಟ್ಟ, ಮನೆಯಲ್ಲಿ ತಯಾರಿ ಶುರುವಾಯಿತು. ಕುನ್ಜೆಸ್ ಡಾಕ್ಟರನ್ನು ಕಂಡು ಬಂದಳು, ಮಾತ್ರೆ ತಂದಳು, ಆಕ್ಸಿಜನ್ ಸಿಲಿಂಡರ್ ತಂದಳು. ಅಬಿ ಸಿಲಿಂಡರನ್ನು ಕಾಲಲ್ಲಿ ದೂಡಿ ನೋಡಿದಳು.

“ಇದೇನೇ, ಗ್ಯಾಸಾ? ಅಲ್ಲಿ ಸಗಣಿ ಒಲೆ ಇದೆ.”

“ಉಸಿರು ಕಟ್ಟಿದ್ರೆ ಅಂತ, ಅಬಿ.”

“ನಾನು ಆ ಗಾಳಿ ಕುಡ್ದೇ ಹಲ್ಲು ಬಂದವಳು. ನೀನು ಇಟ್ಕೋ, ಆಫೀಸಲ್ಲಿ ಮೆಟ್ಲು ಹತ್ತೋಕೆ ಬೇಕಾಗುತ್ತೆ.”

ತುಂಡುಪ್ ಮೂಲೆಯಲ್ಲಿ ಕೂತು ಹುರಿದ ಬಾರ್ಲಿ ಹಿಟ್ಟು ತ್ಸಂಪಾದ ಚೀಲಗಳ ಬಾಯಿ ಹೊಲಿಯುತ್ತಿದ್ದ. ಅವನ ಭುಜ ಅಲುಗಿತು. ನಗುತ್ತಿದ್ದಾನೆ! ಕುನ್ಜೆಸ್ ತಿರುಗಿದಳು. ಅವನು ಥಟ್ಟನೆ ತಲೆ ತಗ್ಗಿಸಿ ಸೂಜಿಯನ್ನು ಬೆರಳಿಗೇ ಚುಚ್ಚಿಕೊಂಡ.

“ಆಯ್ತಾ? ನಗೋರಿಗೆ ಹಾಗೇ ಆಗೋದು,” ಎಂದು ಬಟ್ಟೆಯ ಚೂರು ಎಸೆದಳು.

ಅವನು ಅದನ್ನು ಬೆರಳಿಗೆ ಸುತ್ತಿಕೊಂಡ. ಆದರೆ ಅವಳು ಚಹಾ ಬಗ್ಗಿಸುತ್ತ ಹರಟುವಾಗ, ಅಂಗಳದಲ್ಲಿ ಕೂದಲು ಒಣಗಿಸುತ್ತ ಗುನುಗುವಾಗ, ಪಕ್ಕದ ಮನೆಯವರನ್ನು ಕೂಗಿ ಕರೆಯುವಾಗ, ಅವನ ಕೈ ಕೆಲಸ ನಿಲ್ಲಿಸುತ್ತಿತ್ತು. ಅವಳು ಸುಮ್ಮನಾದರೆ ಮತ್ತೆ ಶುರು. ಅದನ್ನು ಗಮನಿಸಿದ ಮೇಲೆ ಕುನ್ಜೆಸ್‌ಳಿಗೆ ಏಕೋ ಮಾತು ಜಾಸ್ತಿಯಾಯಿತು. ಒಮ್ಮೆ ಬೇಕೆಂದೇ ಹಿತ್ತಲಿನಲ್ಲಿ ನಿಂತು ಹಸುವಿನೊಂದಿಗೆ ಹರಟಿದಳು. ಗೋಡೆಯ ಆಚೆ ಹಗ್ಗ ಬಿಗಿಯುತ್ತಿದ್ದ ಸದ್ದು ನಿಂತುಹೋಯಿತು. ಅವಳ ಕೆನ್ನೆ ಬೆಚ್ಚಗಾಯಿತು.

ಹೊರಡುವ ಹಿಂದಿನ ದಿನ ನೆರೆಯ ಡೋಲ್ಕರ್ ಎದುರು ಸಿಕ್ಕಳು. ತಲೆಯ ಮೇಲೆ ಅಬಿಯ ಉಣ್ಣೆಯ ಕಂಬಳಿ, ಕೈಯಲ್ಲಿ ಅಬಿಯ ಬೆಣ್ಣೆ ಚಹಾ ಕಡೆಯುವ ಕೊಳವೆ.

“ಅಬಿಯೇ ಕೊಟ್ರು. ಇನ್ನು ತನಗೆ ಬೇಡ ಅಂದ್ರು. ಎಂಥ ದೊಡ್ಡ ಮನಸ್ಸು!”

ಕುನ್ಜೆಸ್ ಅಲ್ಲಿಯೇ ನಿಂತಳು. ಮನೆಗೆ ಬಂದು ಅಬಿಯ ಪೆಟ್ಟಿಗೆ ತೆರೆದಳು. ಚಳಿಗಾಲದ ಬಟ್ಟೆಗಳೆಲ್ಲ ಗಂಟು ಸೇರಿದ್ದವು. ಒಂದೂ ಉಳಿದಿರಲಿಲ್ಲ. ನೋಡಿಕೊಂಡು ಬರುವವಳ ತಯಾರಿಯಲ್ಲ ಇದು. ಮರಳಿ ಬಾರದವಳ ತಯಾರಿ.

ಅವಳು ಸೀದಾ ಕೊಟ್ಟಿಗೆಗೆ ಹೋದಳು. ತುಂಡುಪ್ ಟಾರ್ಪಾಲು ಮಡಿಸುತ್ತಿದ್ದ.

“ನಿಮಗೆ ಗೊತ್ತಿತ್ತಲ್ವಾ? ಅಬಿ ವಾಪಸ್ ಬರಲ್ಲ ಅಂತ?”

ಅವನು ಎದ್ದು ನಿಂತ.

“ಹೇಳಿ! ಈಗಲೂ ಮೂಗರ ಥರಾನೇ ನಿಂತ್ಕೋತೀರಾ? ಇರೋದು ಒಂದೇ ಜೀವ ನನಗೆ. ಕಳ್ಳರ ಹಾಗೆ ಎತ್ತಿಕೊಂಡು ಹೋಗೋಕೆ ಬಂದ್ರಾ?” ಅವಳ ಕಣ್ಣೀರು ಕೆನ್ನೆಗಿಳಿಯಿತು.

“ಅಲ್ಲೇ ಉಳಿಸ್ಕೋ ಅಂತ ಅಬಿ ಕೇಳಿದ್ದು ನಿಜ,” ಎಂದ ತುಂಡುಪ್ ಮೆಲ್ಲಗೆ. “ಮೊಮ್ಮಗಳಿಗೆ ಹೇಳದೆ ಕರ್ಕೊಂಡು ಹೋಗಲ್ಲ ಅಂದಿದ್ದೆ. ನೀವೇ ಹೇಳಿ ಅಂತ ಅವರಿಗಂದೆ. ಆಗಲ್ಲ, ನೀನೇ ಹೇಳು ಅಂದ್ರು. ದಿನಾ ಹೇಳೋಣ ಅಂತ ಬರ್ತೀನಿ. ನೀವು ಬಾಯಿ ತೆಗೀತೀರಿ. ನನಗೆ ಎಲ್ಲ ಮರ್ತು ಹೋಗುತ್ತೆ.”

“ಅಂದ್ರೆ?”

ಅವನು ಟಾರ್ಪಾಲಿನ ಅಂಚನ್ನು ನೀವಿದ. “ಚಳಿಗಾಲದಲ್ಲಿ ನಾವು ಮೂರೇ ಡೇರೆ ಇರೋದು. ಹಿಮ ಬಿದ್ರೆ ತಿಂಗಳುಗಟ್ಟಲೆ ಹೊಸ ಮುಖ ಕಾಣಲ್ಲ. ಸಂಜೆ ಮೇಕೆ ಕೂಡಿ ಹಾಕಿ ರೇಡಿಯೋ ಹಚ್ತೀನಿ. ಹಿಮ ಬೀಳುತ್ತೆ, ಜೋಪಾನ ಅಂತ ನೀವು ಹೇಳ್ತೀರಿ. ನನಗೊಬ್ಬನಿಗೇ ಹೇಳಿದ ಹಾಗೆ ಇರುತ್ತೆ. ಅವತ್ತು ಗೇಟು ತೆಗೆದು ಅದೇ ದನಿ ‘ಯಾರು ಬೇಕಿತ್ತು’ ಅಂತ ಕೇಳ್ತು. ಏನು ಹೇಳ್ಲಿ? ನೀವೇ ಅಂತ ಹೇಳೋಕಾಗುತ್ತಾ?”

ಕುನ್ಜೆಸ್‌ಳ ಸಿಟ್ಟಿಗೆ ಕಾಲಿಡಲು ನೆಲವೇ ಇಲ್ಲದಂತಾಯಿತು. ಕಣ್ಣೀರು ಮಾತ್ರ ಇನ್ನೂ ಇಳಿಯುತ್ತಿತ್ತು. ಅವನು ಒರೆಸಲು ಬರಲಿಲ್ಲ. ಅವಳು ಅತ್ತು ಮುಗಿಸುವವರೆಗೆ ಎದುರಿಗೇ ನಿಂತಿದ್ದ.

ಅಬಿ ಒಲೆಯ ಪಕ್ಕ ಪ್ರಾರ್ಥನಾ ಚಕ್ರ ತಿರುಗಿಸುತ್ತ ಕೂತಿದ್ದಳು. ಕುನ್ಜೆಸ್ ಅವಳ ಮಡಿಲಲ್ಲಿ ತಲೆಯಿಟ್ಟಳು.

“ನನ್ನ ಬಿಟ್ಟು ಹೋಗ್ತೀಯಾ?”

ಚಕ್ರ ನಿಂತಿತು. “ನಿನಗೋಸ್ಕರ ಇಳಿದೆ, ಮಗಾ. ನೀನು ದೊಡ್ಡವಳಾದೆ. ಈಗ ನನ್ನ ಪ್ರಾಣ ಹೋಗೋದಾದ್ರೆ ಆ ಗಾಳೀಲೇ ಹೋಗ್ಲಿ. ಇಷ್ಟು ಕೇಳ್ಬಾರ್ದಾ?”

ಕುನ್ಜೆಸ್ ಎದ್ದು ತನ್ನ ದಪ್ಪ ಸ್ವೆಟರನ್ನು ಗಂಟಿನ ಮೇಲೆ ಹಾಕಿದಳು.

“ಈಗಲೇ ಫೋನ್ ಮಾಡಿ ಬೇಸಿಗೆಗೆ ರಜೆ ಕೇಳ್ತೀನಿ. ನಾನೂ ಬರ್ತೀನಿ.”

“ತಲೆ ಸಿಡಿಯುತ್ತೆ ಕಣೇ.”

“ಸಿಡೀಲಿ.”

ಅಬಿ ಅವಳ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದಳು. “ನನ್ನ ಕಾಯೋಕೆ ಬರ್ತಿದೀಯೋ, ಕೊಟ್ಟಿಗೇಲಿರೋನ ಕಾಯೋಕೋ?”

“ಅಬಿ!”

“ಕೊಟ್ಟಿಗೆ ಗೋಡೆ ತೆಳು. ಕಿವಿ ಇನ್ನೂ ಚೆನ್ನಾಗಿವೆ ನನಗೆ,” ಎಂದು ಅಬಿ ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ಬೆಳಿಗ್ಗೆ ಹೊರಟರು. ಅವಸರ ಬೇಡವೆಂದು ತುಂಡುಪ್ ದಾರಿಯ ಹಳ್ಳಿ ರುಮ್ತ್ಸೆಯಲ್ಲಿ ರಾತ್ರಿ ತಂಗಿಸಿದ. ಮರುದಿನ ಸುತ್ತು ಸುತ್ತು ದಾರಿಯಲ್ಲಿ ಪಿಕಪ್ ನಿಧಾನವಾಗಿ ಏರಿತು. ಅಬಿ ಕಿಟಕಿಗೆ ಹಣೆ ಒತ್ತಿ, ಕಂಡ ಬೆಟ್ಟವನ್ನೆಲ್ಲ ಹೆಸರು ಹಿಡಿದು ಮಾತನಾಡಿಸುತ್ತಿದ್ದಳು. ಕುನ್ಜೆಸ್ ಮಾತ್ರ ಒಂದೊಂದು ತಿರುವಿಗೂ ಬಿಳುಚುತ್ತ ಹೋದಳು.

ಪ್ರಾರ್ಥನಾ ಧ್ವಜಗಳು ಪಟಪಟಿಸುವ ತಗ್ಲಾಂಗ್ ಲಾ ನೆತ್ತಿ ತಲುಪುತ್ತಲೇ ಬಾಗಿಲು ತೆಗೆದು ಓಡಿದಳು. ರಸ್ತೆಯಂಚಿಗೆ ಕುಸಿದು ಕೂತು ವಾಂತಿ ಮಾಡಿದಳು. ಯಾರೋ ಹಿಂದಿನಿಂದ ಅವಳ ಎರಡೂ ಜಡೆಗಳನ್ನು ಎತ್ತಿ ಹಿಡಿದರು. ಬೆನ್ನ ಮೇಲೆ ಒಂದು ಅಂಗೈ ನಿಂತಿತು.

“ನೋಡ್ಬೇಡಿ. ಅಸಹ್ಯ.”

“ಮೇಕೆಗಳ ಹೆರಿಗೆ ಮಾಡಿಸೋನು ನಾನು. ಇದೇನು ಮಹಾ?”

ಅವಳಿಗೆ ಅಳುವೂ ನಗುವೂ ಒಟ್ಟಿಗೆ ಬಂದವು. ಅವನು ನೀರು ಕೊಟ್ಟ. ಪಕ್ಕದಲ್ಲೇ ಮಂಡಿಯೂರಿದ.

“ತಡ್ಕೊಳ್ಳೋಕೆ ಆಗ್ತಿಲ್ಲ ಅಂದ್ರೆ ವಾಪಸ್ ಇಳಿಯೋಣ. ಬೇಜಾರಿಲ್ಲ. ನೀವು ಲೇಹ್‌ನಲ್ಲೇ ಇರಿ, ನಾನೇ ಬರ್ತೀನಿ. ಚಳಿಗಾಲ ಕಳೀಲಿ, ಎಷ್ಟು ಸಲ ಬೇಕಾದ್ರೂ ಬರ್ತೀನಿ. ಸಾಕು ಅನ್ನೋವರೆಗೂ.”

ಕುನ್ಜೆಸ್ ಬಾಯಿ ಒರೆಸಿಕೊಂಡಳು. ತಲೆ ಸುತ್ತುತ್ತಿತ್ತು, ಆದರೂ ಕಣ್ಣು ತೆರೆದು ನೋಡಿದಳು. ಆಚೆ ಬದಿಗೆ ರುಪ್ಶುವಿನ ಬಯಲು ಹಳದಿಯಾಗಿ, ಖಾಲಿಯಾಗಿ ಹರಡಿಕೊಂಡಿತ್ತು.

“ಇನ್ನು ಇಳಿಜಾರು ತಾನೆ? ನಿಮ್ಮನೆ ಇಲ್ಲಿಂದ ಕಾಣುತ್ತಾ?”

ತುಂಡುಪ್ ಕಣ್ಣು ಕಿರಿದಾಗಿಸಿ ಬಯಲನ್ನು ಹುಡುಕಿದ. ತಲೆ ಕೆರೆದುಕೊಂಡ. “ನಾನು ಬರೋವಾಗ ಆ ಕೆರೆ ಹತ್ರ ಇತ್ತು. ಇಷ್ಟೊತ್ತಿಗೆ ಹುಲ್ಲು ನೋಡ್ಕೊಂಡು ಡೇರೆ ಎತ್ತಿರ್ತಾರೆ. ಎಲ್ಲಿದೆಯೋ, ಈಗ ನನಗೂ ಗೊತ್ತಿಲ್ಲ.”

ಕುನ್ಜೆಸ್ ಅವನ ತೋಳು ಹಿಡಿದು ಎದ್ದು ನಿಂತಳು. ಬಿಡಲಿಲ್ಲ.

“ನಡಿ ಹಾಗಾದ್ರೆ,” ಎಂದಳು. “ನಮ್ಮನೆ ಎಲ್ಲಿದೆ ಅಂತ ಹುಡುಕೋಣ.”