ಹಿಂದೆ ಬಂದ ಕಾಲುಂಗುರ

ಮದುವೆಯಾದ ವರ್ಷ ನಾನೂ ಹೆಂಡತಿ ಕಮಲಾಕ್ಷಿಯೂ ಕಡೂರಿನಲ್ಲಿ ಬೆಳಗಿನ ಹೊಗೆಗಾಡಿ ಹತ್ತಿ, ತರೀಕೆರೆಯಲ್ಲಿಳಿದು, ಅಮೃತಾಪುರದ ಗುಡಿ ನೋಡಲು ಹೋದೆವು.

ಪ್ರದಕ್ಷಿಣೆ ಮುಗಿಸಿ, "ಬಾರೇ" ಎಂದು ಸ್ಟೇಷನ್ನಿಗೆ ಹೊರಟೆ. ಗಂಡ ಮುಂದೆ, ಹೆಂಡತಿ ಹತ್ತು ಹೆಜ್ಜೆ ಹಿಂದೆ, ನಮ್ಮಲ್ಲಿ ಹಾಗೆಯೇ. ಎರಡು ಹರದಾರಿಯುದ್ದಕ್ಕೂ ಅವಳ ಕಾಲುಂಗುರದ ಸದ್ದು. ಮಣ್ಣಿನ ದಾರಿ, ಆದರೂ ಕಲ್ಲಿನ ಮೇಲೆ ನಡೆದಂತೆ. ಬಿಸಿಲಲ್ಲೂ ನನ್ನ ಕತ್ತು ತಣ್ಣಗಾಗುತ್ತಿತ್ತು.

"ಬತ್ತಿದೀಯೇನೇ?"

"ಬತ್ತಿದೀನಿ ಕಣ್ರೀ, ನೀವು ನಡೀರಿ."

ಗಾಡಿ ಬಂದಾಗ ತಿರುಗಿದೆ. ಯಾರೂ ಇಲ್ಲ. ಗುಡಿಗೆ ಓಡಿದೆ.

"ಯಜಮಾನ್ರು ಇನ್ನೊಂದು ಸುತ್ತು ಹೋಗಿದಾರೆ ಅಂತ ಆಯಮ್ಮ ಇಷ್ಟೊತ್ತೂ ಈ ಕಂಬದ ಹತ್ರನೇ ಕೂತಿದ್ರಲ್ಲ!" ಎಂದರು ಅರ್ಚಕರು. ಅಲ್ಲಿ ಬುತ್ತಿಗಂಟು ಮಾತ್ರ ಇತ್ತು.

ಹನ್ನೊಂದು ವರ್ಷವಾಯಿತು, ಅವಳು ಸಿಗಲಿಲ್ಲ. ಕಾಲುಂಗುರದ ಸದ್ದು ಈಗಲೂ ನನ್ನ ಹಿಂದೆ ಬರುತ್ತದೆ. ನೋಡಿದರೆ ಅದೂ ನಿಂತುಹೋದೀತೆಂದು ನಾನು ತಿರುಗುವುದಿಲ್ಲ.